ಛತ್ರ ಎಲ್ಲಿದೆ? – ತುಂಗಭದ್ರೆಯ ತೀರದಲ್ಲಿ ವ್ಯಸನಮುಕ್ತಿಯ ಚರಿತ್ರೆ

ಹಂಪಿಗೆ ಬರುವ ಯಾತ್ರಿಕರು ಕಲ್ಲಿನ ರಥವನ್ನು ನೋಡುತ್ತಾರೆ, ವಿರೂಪಾಕ್ಷನ ಗೋಪುರವನ್ನು ನೋಡುತ್ತಾರೆ, ವಿಜಯನಗರದ ಅರಸರ ಏಳುಬೀಳುಗಳ ಕತೆಯನ್ನು ಕೇಳುತ್ತಾರೆ. ಅದೇ ನೆಲದಲ್ಲಿ ಯಾವ ಶಾಸನದಲ್ಲಿಯೂ ಕೆತ್ತಿಡದ ಇನ್ನೊಂದು ಚರಿತ್ರೆಯೂ ನಡೆದುಬಂದಿದೆ. ಅದು ಕುಡಿತದ ಬಲೆಗೆ ಸಿಕ್ಕ ಮನುಷ್ಯನ ಚರಿತ್ರೆ. ಅವನನ್ನು ಬಿಡಿಸಿಕೊಳ್ಳಲು ಅವನ ಹೆಂಡತಿ, ತಾಯಿ, ಮಕ್ಕಳು ಬಾಗಿಲಿನಿಂದ ಬಾಗಿಲಿಗೆ ಅಲೆದ ಚರಿತ್ರೆ. ಅಣೆಕಟ್ಟಿನ ಹೊಸಪೇಟೆ, ಗಣಿಗಳ ಸಂಡೂರು, ಭತ್ತ ಮತ್ತು ಕಬ್ಬಿನ ಕಂಪ್ಲಿ, ಯಾತ್ರಿಕರ ಹಂಪಿ – ಈ ನಾಲ್ಕು ಊರುಗಳೂ ಒಂದರಿಂದೊಂದಕ್ಕೆ ಬಸ್ಸಿನಲ್ಲಿ ಒಂದೆರಡು ತಾಸಿನ ಹಾದಿ. ಈ ನಾಲ್ಕೂ ಊರುಗಳ ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ಗುರುಗಳಿಗೆ, ಧರ್ಮಭಗಿನಿಯರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: “ಫಾದರ್, ಇವರನ್ನ ಎಲ್ಲಿಗೆ ಕರಕೊಂಡು ಹೋಗಲಿ?”

ಈ ಪ್ರಶ್ನೆಗೆ ‘ಕುಡಿಯುವುದು ಪಾಪ’ ಎಂಬುದು ಉತ್ತರವಲ್ಲ. ಕೇಳುವವಳಿಗೆ ಅದು ಮೊದಲೇ ಗೊತ್ತು. ಅವಳು ಕೇಳುತ್ತಿರುವುದು ದಾರಿಯನ್ನು. ಪ್ರಭು ಯೇಸು ಹೇಳಿದ ದಯಾಳು ಸಮಾರಿತನ ಸಾಮತಿಯಲ್ಲಿ ಗಾಯಾಳುವನ್ನು ಕಂಡು ಮರುಗಿದ್ದು ಮೊದಲನೆಯ ಹೆಜ್ಜೆ ಮಾತ್ರ. ಸಮಾರಿತನು ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯಕಟ್ಟಿದ. ತನ್ನ ವಾಹನಪಶುವಿನ ಮೇಲೆ ಕುಳ್ಳಿರಿಸಿ ಛತ್ರಕ್ಕೆ ಒಯ್ದ. ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟು, ಮರಳಿ ಬರುತ್ತೇನೆಂದು ಮಾತು ಕೊಟ್ಟ. ಆ ಹಾದಿಯಲ್ಲಿ ಛತ್ರವೇ ಇರದಿದ್ದರೆ ಸಮಾರಿತನ ದಯೆ ಎಲ್ಲಿಗೆ ತಲುಪುತ್ತಿತ್ತು? ನಮ್ಮ ಸೀಮೆಯ ವ್ಯಸನಮುಕ್ತಿಯ ಚರಿತ್ರೆಯನ್ನು ಈ ಛತ್ರದ ಪ್ರಶ್ನೆಯನ್ನಿಟ್ಟುಕೊಂಡು ಓದಿದರೆ ಅನೇಕ ಸಂಗತಿಗಳು ಸ್ಪಷ್ಟವಾಗುತ್ತವೆ.

ಹೆಂಡದ ಮಾರಯ್ಯನ ನಾಡು

ಕುಡಿತದ ಕೇಡನ್ನು ಕನ್ನಡ ನಾಡಿಗೆ ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಹೆಂಡ ಮಾರುವುದು ಅವನ ಕಾಯಕವಾಗಿತ್ತು. ಆ ಕಾಯಕದ ಹೆಸರನ್ನು ಅಳಿಸದೆಯೇ ಶರಣರು ಅವನನ್ನು ತಮ್ಮವನೆಂದು ಕರೆದರು. ಹೆಂಡದ ಅಂಗಡಿಯಲ್ಲಿ ಕುಳಿತೇ ಅವನು ಕುಡಿಯಲು ಬಂದವರಿಗೆ ಬುದ್ಧಿ ಹೇಳುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಮದ್ಯದೊಡನೆ ಬದುಕಿದ ಮನುಷ್ಯನನ್ನು ದೂರವಿಡದೆ ಅವನ ಹೆಸರನ್ನೇ ಗೌರವಕ್ಕೆ ತಂದ ಆ ಪರಂಪರೆ ನಮ್ಮ ಗಮನಕ್ಕೆ ಯೋಗ್ಯವಾದುದು.

ಪವಿತ್ರ ಗ್ರಂಥವೂ ಈ ವಿಷಯದಲ್ಲಿ ಕಣ್ಣುಮುಚ್ಚಿಲ್ಲ. ಜಲಪ್ರಳಯದಿಂದ ಪಾರಾದ ನೋಹನೇ ದ್ರಾಕ್ಷಾರಸಕ್ಕೆ ಸೋತದ್ದನ್ನು ಆದಿಕಾಂಡ ಮುಚ್ಚಿಡದೆ ಹೇಳುತ್ತದೆ. ಕೆಂಪೇರಿದ ಕಣ್ಣು, ಕಾರಣವಿಲ್ಲದ ಗಾಯ, ಏಟು ತಿಂದದ್ದೂ ತಿಳಿಯದ ಸ್ಥಿತಿ, ಎಚ್ಚರವಾದೊಡನೆ ಮತ್ತೆ ಕುಡಿಯುವ ಹಂಬಲ – ಇವುಗಳನ್ನು ಜ್ಞಾನೋಕ್ತಿಗಳ ಗ್ರಂಥದ ಇಪ್ಪತ್ತಮೂರನೆಯ ಅಧ್ಯಾಯ ಬಣ್ಣಿಸುವ ಪರಿಯನ್ನು ಓದಿದರೆ ಇಂದಿನ ವೈದ್ಯರು ಬರೆಯುವ ರೋಗಲಕ್ಷಣಗಳ ಪಟ್ಟಿಯೇ ನೆನಪಾಗುತ್ತದೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸವನ್ನು ಕೊಟ್ಟ ಪ್ರಭುವಿನ ಧರ್ಮಸಭೆ ಮದ್ಯವೇ ಕೆಟ್ಟದ್ದೆಂದು ಎಂದೂ ಬೋಧಿಸಿಲ್ಲ. ಮಿತಿ ಮೀರುವುದನ್ನು, ಅದರಿಂದ ತನಗೂ ಪರರಿಗೂ ಅಪಾಯ ತರುವುದನ್ನು ಅದು ಗಂಭೀರ ತಪ್ಪೆಂದು ಬೋಧಿಸುತ್ತದೆ. ಆದರೆ ಮಿತಿಯೆಂಬುದು ಕೈಮೀರಿ ಹೋದವನಿಗೆ ಮಿತಿಯ ಬೋಧನೆಯಿಂದಷ್ಟೇ ಬಿಡುಗಡೆ ದೊರೆಯದು.

ಅಂಗಡಿ ಮುಚ್ಚಿದ ಚರಿತ್ರೆ

ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು. ಹೊಸಪೇಟೆ, ಹಂಪಿ, ಕಂಪ್ಲಿಗಳು ಆ ಜಿಲ್ಲೆಯ ಭಾಗ; ಸಂಡೂರು ಮಾತ್ರ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ. 1886ರ ಮದ್ರಾಸ್ ಅಬಕಾರಿ ಕಾಯಿದೆ ಹೆಂಡ, ಸಾರಾಯಿಗಳ ತಯಾರಿಕೆ ಮತ್ತು ಮಾರಾಟವನ್ನು ಸರಕಾರದ ಪರವಾನಗಿಗೆ ಒಳಪಡಿಸಿತು. ಅಂದಿನಿಂದ ಬಡವನ ಕುಡಿತ ಸರಕಾರದ ಬೊಕ್ಕಸಕ್ಕೆ ಆದಾಯವಾಯಿತು. ಈ ನಂಟು ಇಂದಿಗೂ ಕಡಿದಿಲ್ಲ.

ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಪಾನನಿರೋಧವು ಗಾಂಧೀಜಿಯವರ ರಚನಾತ್ಮಕ ಕಾರ್ಯಕ್ರಮದ ಮುಖ್ಯ ಅಂಗವಾಯಿತು. ಸಿ. ರಾಜಗೋಪಾಲಾಚಾರಿಯವರು ಮದ್ರಾಸ್ ಪ್ರಾಂತದ ಮುಖ್ಯಸ್ಥರಾದಾಗ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಸ್ಥಗಿತಗೊಂಡರೂ ಯುದ್ಧದ ನಂತರ ಮತ್ತೆ ಆರಂಭವಾಗಿ, 1948ರ ಅಕ್ಟೋಬರ್ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತವನ್ನು ವ್ಯಾಪಿಸಿತು. ಮರುವರ್ಷ, 1949ರಲ್ಲಿ ಸಂಡೂರು ಸಂಸ್ಥಾನವೂ ಮದ್ರಾಸ್ ಪ್ರಾಂತದಲ್ಲಿ ವಿಲೀನವಾಯಿತು. ಅದೇ 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಗೊಂಡಿತೆಂಬುದನ್ನು ನಾವು ನೆನೆಯಬೇಕು. ನಮ್ಮ ಧರ್ಮಕ್ಷೇತ್ರ ಹುಟ್ಟಿದ್ದೇ ಪಾನನಿರೋಧವಿದ್ದ ಜಿಲ್ಲೆಯಲ್ಲಿ.

1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. ಮರುವರ್ಷ ಸಂಡೂರಿನಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಯಿತು. ಊರು ಬಿಟ್ಟು ಬಂದ ಕೂಲಿಕಾರರು, ವಾರಕ್ಕೊಮ್ಮೆ ಕೈಗೆ ಬರುವ ರೊಕ್ಕ, ಮೈಮುರಿಯುವ ದುಡಿಮೆ – ಇವೆಲ್ಲ ಒಂದೆಡೆ ಸೇರಿದ ಸೀಮೆಯಿದು. ಇಂಥ ಸೀಮೆಯಲ್ಲಿ ಪಾನನಿರೋಧ ಕಾಗದದ ಮೇಲೆ ಸುಮಾರು ಎರಡು ದಶಕ ಉಳಿಯಿತು. 1961ರಲ್ಲಿ ಮೈಸೂರು ಪಾನನಿರೋಧ ಕಾಯಿದೆ ಬಂತು. 1967ರಲ್ಲಿ ಅದನ್ನು ಕೈಬಿಟ್ಟು ಅಬಕಾರಿ ಕಾಯಿದೆಯನ್ನು ಜಾರಿಗೆ ತರಲಾಯಿತು. ಸಂವಿಧಾನದ 47ನೆಯ ವಿಧಿ ಪಾನನಿರೋಧದ ದಿಕ್ಕಿನಲ್ಲಿ ಶ್ರಮಿಸುವಂತೆ ಸರಕಾರಗಳಿಗೆ ನಿರ್ದೇಶಿಸಿದ್ದರೂ ಸಾರಾಯಿಯ ಅಂಗಡಿಗಳು ಊರೂರಿಗೆ ಮರಳಿದವು.

ಅಲ್ಲಿಂದ ಮುಂದಿನ ನಾಲ್ಕು ದಶಕ ಸಾರಾಯಿ ಯುಗ. ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬಂದ ಸಾರಾಯಿ ಜೇಬಿನಲ್ಲಿಯೇ ಹೊಲಕ್ಕೂ ಗಣಿಗೂ ಹೋಯಿತು. ಇದನ್ನು ಮೊದಲು ತಡೆದು ನಿಲ್ಲಿಸಿದವರು ನೆರೆಯ ಆಂಧ್ರದ ಬಡ ಹೆಂಗಸರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಸಾಕ್ಷರತಾ ತರಗತಿಗೆ ಬರುತ್ತಿದ್ದ ಮಹಿಳೆಯರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅಲ್ಲಿ ಎದ್ದ ಅಲೆಯಿಂದಾಗಿ 1993ರಲ್ಲಿ ಆಂಧ್ರ ಸರಕಾರ ಸಾರಾಯಿಯನ್ನು ನಿಷೇಧಿಸಿತು. 1995ರಲ್ಲಿ ಪೂರ್ಣ ಪಾನನಿರೋಧ ತಂದು, 1997ರಲ್ಲಿ ಅದನ್ನು ಸಡಿಲಿಸಿತು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಗಳ ಸಣ್ಣ ಪೊಟ್ಟಣಗಳು ಬಂದವು. 2019ರ ಜನವರಿಯಲ್ಲಿ ರಾಜ್ಯದ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದದ್ದು, ಸಾರಾಯಿ ನಿಷೇಧವಾಗಿ ಹನ್ನೊಂದು ವರ್ಷ ಕಳೆದರೂ ಅವರ ಮನೆಯ ಸಂಕಟ ಮುಗಿದಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಇಂದು ರಾಜ್ಯಕ್ಕೆ ಅಬಕಾರಿಯಿಂದ ಬರುವ ವಾರ್ಷಿಕ ವರಮಾನ ಮೂವತ್ತು ಸಾವಿರ ಕೋಟಿ ರೂಪಾಯಿಗಳನ್ನು ಮೀರಿದೆ.

ಅಂಗಡಿ ಮುಚ್ಚುವ ಹೋರಾಟವನ್ನು ಹಗುರವಾಗಿ ಕಾಣುವುದು ಸಲ್ಲದು. ಆ ಹೆಂಗಸರ ಕಾಲಿನ ಬೊಕ್ಕೆಗಳಿಗೆ ನಾವು ತಲೆಬಾಗಬೇಕು. ಆದರೂ ಚರಿತ್ರೆ ಒಂದು ಮಾತನ್ನು ಹೇಳುತ್ತದೆ. 1948ರಲ್ಲಾಗಲಿ 2007ರಲ್ಲಾಗಲಿ ಅಂಗಡಿ ಮುಚ್ಚಿದ ದಿನ, ಅದುವರೆಗೆ ಕುಡಿಯುತ್ತಿದ್ದವನ ನಡುಗುವ ಕೈಗಳಿಗೆ ಮದ್ದು ಎಲ್ಲಿದೆಯೆಂದು ತೋರಿಸುವ ವ್ಯವಸ್ಥೆ ಹಳ್ಳಿಯ ಮಟ್ಟದಲ್ಲಿರಲಿಲ್ಲ. ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಲಿಲ್ಲ.

ಪ್ರತಿಜ್ಞೆ ಮತ್ತು ಜೋಳಿಗೆ

ಕಾನೂನಿಗಿಂತ ಭಿನ್ನವಾದ ಎರಡನೆಯ ಹಾದಿ ಮನಃಪರಿವರ್ತನೆಯದು. ಧರ್ಮಸಭೆಯ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಐರ್ಲೆಂಡಿನ ಕಪುಚಿನ್ ಗುರು ಥಿಯೊಬಾಲ್ಡ್ ಮ್ಯಾಥ್ಯೂ. 1838ರಲ್ಲಿ ಕಾರ್ಕ್ ನಗರದಲ್ಲಿ ಅವರು ಆರಂಭಿಸಿದ ಮದ್ಯತ್ಯಾಗದ ಪ್ರತಿಜ್ಞೆಯನ್ನು ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಸ್ವೀಕರಿಸಿದರು. ಆದರೆ ಆಲೂಗಡ್ಡೆಯ ಬೆಳೆ ನಾಶವಾಗಿ 1845ರಲ್ಲಿ ಮಹಾಕ್ಷಾಮ ಆರಂಭವಾದ ಮೇಲೆ ಆ ಚಳವಳಿ ಕ್ಷೀಣಿಸಿತು. ಪ್ರತಿಜ್ಞೆ ಮಾಡಿದವನನ್ನು ಮುಂದಿನ ವಾರ, ಮುಂದಿನ ತಿಂಗಳು ವಿಚಾರಿಸಿಕೊಳ್ಳುವ ಗಟ್ಟಿಯಾದ ಬಳಗ ಅದಕ್ಕಿರಲಿಲ್ಲ. ಇದನ್ನು ಅರಿತ ಯೇಸುಸಭೆಯ ಗುರು ಜೇಮ್ಸ್ ಕಲ್ಲೆನ್ 1898ರಲ್ಲಿ ಡಬ್ಲಿನ್ನಿನಲ್ಲಿ ಸಣ್ಣದಾದರೂ ಶಿಸ್ತಿನ ಸಂಘವೊಂದನ್ನು ಕಟ್ಟಿದರು. ಅದೇ ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ ಇಪ್ಪತ್ತೆಂಟರ ವಯಸ್ಸಿನಲ್ಲಿ ಕುಡಿತ ಬಿಟ್ಟು, 1925ರಲ್ಲಿ ತೀರಿಕೊಳ್ಳುವವರೆಗೆ ನಾಲ್ಕು ದಶಕ ಅದನ್ನು ಮುಟ್ಟದೆ, ದಿನನಿತ್ಯದ ಬಲಿಪೂಜೆ ಮತ್ತು ಪ್ರಾರ್ಥನೆಗಳ ಬಲದಿಂದ ಬದುಕಿದ. ಧರ್ಮಸಭೆ 1975ರಲ್ಲಿ ಅವನನ್ನು ‘ಪೂಜ್ಯ’ನೆಂದು ಸಾರಿತು.

ನಮ್ಮ ಹತ್ತಿರದಲ್ಲಿಯೇ, ಹೊಸಪೇಟೆಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಗೆ ಸಮೀಪದ ಇಳಕಲ್ಲಿನಲ್ಲಿ, ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಇಂಥದೇ ಕಾರ್ಯವನ್ನು ಮಾಡಿದರು. ಸ್ವಾಮಿಗಳು ಜೋಳಿಗೆ ಹಿಡಿದು ಭಿಕ್ಷೆಗೆ ಹೋಗುವುದು ನಾಡಿನ ರೂಢಿ. ಅವರು 1970ರ ದಶಕದಿಂದ ಜೋಳಿಗೆ ಹಿಡಿದು ಬೇಡಿದ್ದು ಕಾಳುಕಡಿ, ಹಣವನ್ನಲ್ಲ, ಜನರ ದುಶ್ಚಟಗಳನ್ನು. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಆ ಜೋಳಿಗೆಗೆ ಸಾವಿರಾರು ಜನ ಬೀಡಿ, ತಂಬಾಕು, ಸಾರಾಯಿಗಳ ಚಟವನ್ನು ಹಾಕಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಬೇರೆ ಧರ್ಮದ ಹಿರಿಯರೊಬ್ಬರಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಕುಡುಕನು ತಮ್ಮ ಬಳಿಗೆ ಬರಲೆಂದು ಕಾಯದೆ, ಅವರೇ ಅವನ ಬಾಗಿಲಿಗೆ ಹೋಗಿ ಕೈಯೊಡ್ಡಿದರು.

ಪಾಪವೋ, ರೋಗವೋ?

ಮೂರನೆಯ ಹಾದಿ ಚಿಕಿತ್ಸೆ ಮತ್ತು ಸಹವಾಸದ್ದು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ ಮತ್ತು ಬಾಬ್ ಸ್ಮಿತ್ ಎಂಬ ವೈದ್ಯ, ಇಬ್ಬರೂ ಕುಡಿತಕ್ಕೆ ಸೋತವರು, ಪರಸ್ಪರ ಮಾತಾಡಿ ಆಸರೆಯಾದದ್ದರಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಬಳಗ ಹುಟ್ಟಿತು. ಶುಲ್ಕವಿಲ್ಲ, ಹೆಸರು ಹೇಳಬೇಕಾಗಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಹನ್ನೆರಡು ಮೆಟ್ಟಿಲುಗಳ ಅದರ ಕ್ರಮದಲ್ಲಿ ತನ್ನ ಅಶಕ್ತಿಯನ್ನು ಒಪ್ಪಿಕೊಳ್ಳುವುದು, ದೇವರಿಗೆ ಶರಣಾಗುವುದು, ತಪ್ಪುಗಳನ್ನು ಇನ್ನೊಬ್ಬರ ಮುಂದೆ ನಿವೇದಿಸುವುದು, ನೊಂದವರಿಗೆ ಪರಿಹಾರ ಮಾಡುವುದು ಸೇರಿವೆ. ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್ ಇದರಲ್ಲಿ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳ ಹೋಲಿಕೆಯನ್ನು ಕಂಡು, 1940ರಲ್ಲಿ ಬಿಲ್ ವಿಲ್ಸನ್ನರನ್ನು ಹುಡುಕಿಕೊಂಡು ಹೋಗಿ ಜೀವನಪರ್ಯಂತ ಅವರ ಗೆಳೆಯರಾಗಿ ಉಳಿದರು. ಕುಡುಕರನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದ ಕಾಲದಲ್ಲಿ ಆಕ್ರನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಅವರಿಗೆ ಹಾಸಿಗೆ ಒದಗಿಸಿದವರು ಧರ್ಮಭಗಿನಿ ಇಗ್ನೇಷಿಯಾ. 1951ರಲ್ಲಿ ಕುಡಿಯುವವರ ಮನೆಯವರಿಗಾಗಿಯೇ ‘ಅಲ್-ಅನಾನ್’ ಎಂಬ ಬಳಗವೂ ರೂಪುಗೊಂಡಿತು.

ಭಾರತದಲ್ಲಿ ಈ ಬಳಗದ ಸಭೆಗಳು 1957ರಿಂದ ನಡೆದಿವೆ. ಮದ್ರಾಸಿನಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲಿ ವ್ಯಸನಿಗಳಿಗೆಂದೇ ಚಿಕಿತ್ಸಾಕೇಂದ್ರ ತೆರೆದರು. ಮುಂಬಯಿಯ ಗುರು ಜೋ ಪಿರೇರಾ 1981ರಲ್ಲಿ ‘ಕೃಪಾ’ ಸಂಸ್ಥೆಯನ್ನು ಸ್ಥಾಪಿಸಿದರು. ಹನ್ನೆರಡು ಮೆಟ್ಟಿಲುಗಳ ಜೊತೆಗೆ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗಪದ್ಧತಿಯನ್ನೂ ಅವರು ಬಳಸಿಕೊಂಡರು. ಬ್ರೆಜಿಲಿನಲ್ಲಿ ಫ್ರಾನ್ಸಿಸ್ಕನ್ ಗುರುಗಳೊಬ್ಬರು 1983ರಲ್ಲಿ ಆರಂಭಿಸಿದ ‘ಭರವಸೆಯ ತೋಟ’ದಲ್ಲಿ ವ್ಯಸನಿಗಳು ದುಡಿಮೆ, ಪ್ರಾರ್ಥನೆ, ಸಹಬಾಳ್ವೆಗಳಿಂದ ಚೇತರಿಸಿಕೊಳ್ಳುತ್ತಾರೆ. 2007ರ ಮೇ ತಿಂಗಳಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಅಲ್ಲಿಗೆ ಭೇಟಿಯಿತ್ತರು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗುವ ಮುನ್ನ ಎರಡು ತಿಂಗಳೂ ಇರಲಿಲ್ಲ.

ವ್ಯಸನ ಪಾಪವೋ ರೋಗವೋ ಎಂದು ಕೇಳುವವರಿದ್ದಾರೆ. ಮೊದಲ ಲೋಟವನ್ನು ಎತ್ತುವಾಗ ಮನುಷ್ಯನಿಗೆ ಸ್ವಾತಂತ್ರ್ಯವಿತ್ತು. ವರ್ಷಗಟ್ಟಲೆ ಕುಡಿದ ಮೇಲೆ ಅವನ ಮಿದುಳು, ನರಗಳು ಮದ್ಯಕ್ಕೆ ಒಗ್ಗಿಹೋಗುತ್ತವೆ. ಆ ಸ್ವಾತಂತ್ರ್ಯ ಕುಗ್ಗುತ್ತದೆ. ಪಾಪನಿವೇದನೆಯಲ್ಲಿ ಕ್ಷಮೆ ದೊರೆಯುತ್ತದೆ; ಆದರೆ ಕ್ಷಮೆ ಪಡೆದವನ ಕೈನಡುಕ ಅದರಿಂದಲೇ ನಿಲ್ಲುವುದಿಲ್ಲ. ಕಾಲು ಮುರಿದವನು ಪಾಪನಿವೇದನೆ ಮಾಡಿ ಹೋದರೂ ಅವನ ಮೂಳೆಗೆ ಕಟ್ಟು ಹಾಕಲೇಬೇಕಲ್ಲವೇ? ಸಂಸ್ಕಾರವೂ ಚಿಕಿತ್ಸೆಯೂ ಒಂದಕ್ಕೊಂದು ಎದುರಲ್ಲ.

ಬಳ್ಳಾರಿ ದೇಶಕ್ಕೆ ತೋರಿಸಿದ ದಾರಿ

ಇಲ್ಲಿ ನಮ್ಮ ಜನ ಬಹುಪಾಲು ಮರೆತಿರುವ ಒಂದು ಅಧ್ಯಾಯವನ್ನು ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1975ರಿಂದ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯದ ಪ್ರಯೋಗ ನಡೆಸಿದರು. ದೊಡ್ಡ ಆಸ್ಪತ್ರೆಗೆ ರೋಗಿ ಬರಲಾರ. ಹಾಗಾದರೆ ಚಿಕಿತ್ಸೆಯನ್ನೇ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೇ ಎಂಬುದು ಅವರ ಪ್ರಶ್ನೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಲು ಆಯ್ಕೆಯಾದದ್ದು ಬಳ್ಳಾರಿ. 1985ರಿಂದ 1990ರವರೆಗೆ ಆ ಪ್ರಯೋಗ ಈ ಜಿಲ್ಲೆಯಲ್ಲಿ ನಡೆಯಿತು. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು – ಎಲ್ಲವೂ ಆಗ ಆ ಒಂದೇ ಜಿಲ್ಲೆಯಲ್ಲಿದ್ದವು.

ಮಾಡಿದ ಕೆಲಸ ಸರಳವಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಲು ಅಲ್ಪಾವಧಿಯ ತರಬೇತಿ ನೀಡಿದರು. ಆಯ್ದ ಕೆಲವೇ ಅಗತ್ಯ ಔಷಧಿಗಳು ಕೇಂದ್ರದಲ್ಲಿಯೇ ದೊರೆಯುವಂತೆ ಮಾಡಿದರು. ರೋಗಿಗಳ ದಾಖಲೆಗೆ ಸುಲಭವಾದ ಕ್ರಮವನ್ನು ರೂಪಿಸಿದರು. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ತಂಡವಿದ್ದು ಕಠಿಣವಾದ ಪ್ರಕರಣಗಳನ್ನು ನೋಡಿತು, ಕೆಲಸವನ್ನು ಕಾಲಕಾಲಕ್ಕೆ ಪರಿಶೀಲಿಸಿತು. ಉನ್ಮಾದ, ಮೂರ್ಛೆರೋಗದಂಥ ಕಾಯಿಲೆಗಳಿಗೆ ಅಂದು ಆದ್ಯತೆಯಿತ್ತು. ಅದುವರೆಗೆ ದೆವ್ವ ಬಿಡಿಸುವವರ ಹಿಂದೆ ತಿರುಗುತ್ತಿದ್ದ ಕುಟುಂಬಗಳಿಗೆ ತಮ್ಮ ಹೋಬಳಿಯಲ್ಲಿಯೇ ಮಾತ್ರೆ ಸಿಗುವಂತಾಯಿತು. ಈ ಕ್ರಮಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. ಇದನ್ನು ಆಧರಿಸಿಯೇ ಕೇಂದ್ರ ಸರಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿ, ಮುಂದೆ ದೇಶಾದ್ಯಂತ ಹರಡಿತು. ಇಂದು ಅದರ ವ್ಯಾಪ್ತಿಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನಕ್ಕೂ ಚಿಕಿತ್ಸೆಯಿದೆ.

ಅದಿರನ್ನು ಹೊರಗೆ ಕಳಿಸಿ ಹೆಸರಾದ ಈ ಜಿಲ್ಲೆ ಅದಿರಿಗಿಂತ ಬೆಲೆಯುಳ್ಳ ಒಂದು ಪಾಠವನ್ನೂ ದೇಶಕ್ಕೆ ಕಳಿಸಿತ್ತು. ಆ ಪಾಠವೆಂದರೆ, ನೆರವು ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ಊರಿನವರಿಗೆ ಪರಿಚಿತವಾದ ಮುಖವೇ ಅದನ್ನು ಕೊಡಬೇಕು. ಒಮ್ಮೆ ಕೊಟ್ಟು ಕೈಬಿಡದೆ ತಿಂಗಳು ತಿಂಗಳು ವಿಚಾರಿಸಬೇಕು.

ಇದೇ ತತ್ತ್ವವನ್ನು ಬೇರೊಂದು ರೂಪದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳ ಮದ್ಯವರ್ಜನ ಶಿಬಿರಗಳಲ್ಲಿ ಕಾಣುತ್ತೇವೆ. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಸುಮಾರು ಎಂಟು ದಿನ ಕುಡಿತದವರನ್ನು ಒಟ್ಟಿಗೆ ಇರಿಸಿ, ವೈದ್ಯರ ನೋಟ, ಸಲಹೆ, ವ್ಯಾಯಾಮ, ಭಜನೆ, ಮನೆಯವರೊಡನೆ ಮಾತುಕತೆ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ‘ನವಜೀವನ ಸಮಿತಿ’ಯೆಂಬ ಗುಂಪಿನಲ್ಲಿ ಅವರು ಕೂಡುತ್ತಾರೆ. ರಾಜ್ಯದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಶಿಬಿರಗಳು ನಡೆದಿವೆ.

ಇಂದು ಹೋಗುವುದೆಲ್ಲಿಗೆ?

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, 5.7 ಕೋಟಿಗೂ ಹೆಚ್ಚು ಜನರಿಗೆ ಅದರ ತೊಂದರೆಯಿಂದ ಹೊರಬರಲು ನೆರವು ಬೇಕು. ಆದರೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿದೆ. ಉಳಿದ ಮೂವತ್ತೇಳು ಜನ ನಮ್ಮ ಓಣಿಗಳಲ್ಲಿಯೇ ಇದ್ದಾರೆ.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಗಳು ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಆದ್ದರಿಂದ ಹೊಸಪೇಟೆ ಮತ್ತು ಹಂಪಿಯವರು ಮೊದಲು ಹೊಸಪೇಟೆಯ ಸರಕಾರಿ ಆಸ್ಪತ್ರೆಯಲ್ಲಿಯೂ, ಸಂಡೂರು ಮತ್ತು ಕಂಪ್ಲಿಯವರು ತಮ್ಮ ಊರಿನ ಸರಕಾರಿ ಆಸ್ಪತ್ರೆಯಲ್ಲಿಯೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಬೇಕು. ಒಳರೋಗಿಯಾಗಿ ಸೇರಬೇಕಾದರೆ, 1961ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ‘ವಿಮ್ಸ್’ ಎಂದು ಬಹುಕಾಲ ಹೆಸರಾದ ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗವಿದೆ. ಪಶ್ಚಿಮಕ್ಕೆ ಧಾರವಾಡದಲ್ಲಿ 1845ರಷ್ಟು ಹಳೆಯ ಆಸ್ಪತ್ರೆಯಿಂದ ಬೆಳೆದ ಡಿಮ್ಹಾನ್ಸ್ ಸಂಸ್ಥೆಯಿದೆ. ತೀರ ಜಟಿಲವಾದ ಸ್ಥಿತಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಿಂದ ಹೊರಡಲಾಗದವರು 14416 ಸಂಖ್ಯೆಗೆ ಕರೆ ಮಾಡಿದರೆ, 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡೂ ಉಚಿತ.

ಮೂರು ಎಚ್ಚರಿಕೆಗಳನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ಮೊದಲನೆಯದು, ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಂಡಂತಾಗಿ ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಧ್ಯಾನಕೂಟದಲ್ಲಾಗಲಿ ತಪಸ್ಸುಕಾಲದ ಹರಕೆಯಿಂದಾಗಲಿ ಕುಡಿತ ಬಿಡಲು ಹೊರಟವನನ್ನು ಮೊದಲು ವೈದ್ಯರಿಗೆ ತೋರಿಸುವುದು ಭಕ್ತಿಗೆ ಕುಂದಲ್ಲ. ಎರಡನೆಯದು, ‘ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂದು ಮಾರುವ ಪುಡಿಗಳಿಗೆ ಮರುಳಾಗಬಾರದು. ಮದ್ಯದೊಡನೆ ಸೇರಿದರೆ ತೀವ್ರ ಪ್ರತಿಕ್ರಿಯೆ ಉಂಟುಮಾಡುವ ಡೈಸಲ್ಫಿರಾಂ ಎಂಬ ಔಷಧವನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕು. ಮೂರನೆಯದು, ಹೊಡೆದು, ಕಟ್ಟಿಹಾಕಿ ‘ಸರಿಪಡಿಸುವ’ ಕೇಂದ್ರಗಳಿಂದ ದೂರವಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ ಮತ್ತು ಮಾದಕ ವ್ಯಸನದ ತೊಂದರೆಗಳನ್ನೂ ಒಳಗೊಳ್ಳುತ್ತದೆ. ಅದರ ಪ್ರಕಾರ ಚಿಕಿತ್ಸಾಕೇಂದ್ರ ನೋಂದಣಿಯಾಗಿರಬೇಕು. ರೋಗಿಯನ್ನು ಸರಪಳಿಯಿಂದ ಬಿಗಿಯುವುದು ನಿಷಿದ್ಧ. ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳಬೇಕಾದ ಸಂದರ್ಭಕ್ಕೂ ಕಾಯಿದೆಯೇ ಕ್ರಮವನ್ನು ವಿಧಿಸಿದೆ. ಸೇರಿಸುವ ಮುನ್ನ ನೋಂದಣಿ ಪತ್ರ ತೋರಿಸಿರೆಂದು ಕೇಳುವುದು ಕುಟುಂಬದ ಹಕ್ಕು.

ಧರ್ಮಕೇಂದ್ರವೆಂಬ ಛತ್ರ

ಆಸ್ಪತ್ರೆಯ ವಾಸ ಎರಡು ಮೂರು ವಾರಗಳದು. ಅಲ್ಲಿಂದ ಮರಳಿ ಬಂದವನಿಗೆ ಅದೇ ಓಣಿ, ಅದೇ ಗೆಳೆಯರು, ಅದೇ ಸಂಬಳದ ದಿನ ಕಾದಿರುತ್ತವೆ. ಚೇತರಿಕೆಯ ಕಠಿಣ ಭಾಗ ಆಗ ಆರಂಭವಾಗುತ್ತದೆ. ಸಮಾರಿತನು ‘ಮರಳಿ ಬರುತ್ತೇನೆ’ ಎಂದು ಛತ್ರದವನಿಗೆ ಹೇಳಿದ್ದರ ಅರ್ಥ ಇಲ್ಲಿ ತಿಳಿಯುತ್ತದೆ. ಮತ್ತೊಮ್ಮೆ ಕುಡಿದು ಬಿದ್ದವನನ್ನು ಕಂಡು ‘ಎಲ್ಲ ವ್ಯರ್ಥವಾಯಿತು’ ಎಂದು ನಾವು ಕೈಚೆಲ್ಲುತ್ತೇವೆ. ಹಳೆಯ ಕಾಯಿಲೆ ಮರುಕಳಿಸುವುದುಂಟು; ಸಕ್ಕರೆ ಕಾಯಿಲೆಯವನ ಸಕ್ಕರೆ ಏರಿದರೆ ಯಾರೂ ಅವನನ್ನು ಮನೆಯಿಂದ ಅಟ್ಟುವುದಿಲ್ಲ.

ನಮ್ಮ ಧರ್ಮಕೇಂದ್ರಗಳು ಮಾಡಬಹುದಾದ ಕೆಲಸಗಳಿಗೆ ದೊಡ್ಡ ಕಟ್ಟಡವಾಗಲಿ ಹಣವಾಗಲಿ ಬೇಕಿಲ್ಲ. ವಾರಕ್ಕೊಂದು ಸಂಜೆ ಒಂದು ಕೊಠಡಿಯನ್ನು, ಯಾವ ಜಾತಿ ಮತಗಳ ಪ್ರಶ್ನೆಯಿಲ್ಲದೆ, ಕುಡಿತ ಬಿಟ್ಟವರ ಕೂಟಕ್ಕೆ ತೆರೆದಿಡಬಹುದು. ಅವರ ಹೆಂಡಂದಿರು, ತಾಯಂದಿರು ಬೇರೆಯಾಗಿ ಕುಳಿತು ಮಾತಾಡಲು ಅನುವು ಮಾಡಬಹುದು. ನೋವನ್ನು ಹೊರಹಾಕಲು ಅವರಿಗೂ ಜಾಗ ಬೇಕು. ಧರ್ಮಭಗಿನಿಯರ ಚಿಕಿತ್ಸಾಲಯಗಳಲ್ಲಿ ಮೇಲೆ ಹೇಳಿದ ದೂರವಾಣಿ ಸಂಖ್ಯೆಗಳನ್ನೂ ಮನೋವೈದ್ಯರು ಬರುವ ದಿನವನ್ನೂ ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಬಹುದು. ಮೊದಲ ಸಲ ಆಸ್ಪತ್ರೆಗೆ ಹೋಗುವವನ ಜೊತೆಗೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರೊಬ್ಬರು ಬಸ್ಸು ಹತ್ತಬಹುದು. ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ಎಲ್ಲಿ ಮಾಡಿಸಬೇಕೆಂದು ತಿಳಿಯದೆಯೇ ಹಿಂದಿರುಗಿ ಬಂದವರಿದ್ದಾರೆ. ಹಬ್ಬದ ದಿನಗಳಲ್ಲಿ, ಮದುವೆಗಳಲ್ಲಿ ಮದ್ಯ ಹಂಚುವ ನಮ್ಮದೇ ಕುಟುಂಬಗಳ ರೂಢಿಯನ್ನೂ ನಾವು ನೇರವಾಗಿ ನೋಡಬೇಕು. ಬಿಟ್ಟವನೊಬ್ಬ ಆ ಪಂಕ್ತಿಯಲ್ಲಿ ಕುಳಿತಿರುತ್ತಾನೆ.

ದುಂದುಗಾರ ಮಗ ಮನೆಗೆ ಮರಳಿದಾಗ ತಂದೆ ಓಡಿಬಂದು ಅಪ್ಪಿಕೊಂಡ. ಹಿರಿಯ ಮಗ ಹೊಸ್ತಿಲ ಹೊರಗೇ ನಿಂತ. ಅವನು ಒಳಗೆ ಬಂದನೋ ಇಲ್ಲವೋ ಎಂಬುದನ್ನು ಸಂತ ಲೂಕನ ಶುಭಸಂದೇಶ ಹೇಳುವುದಿಲ್ಲ. ಆ ಹಿರಿಯ ಮಗನ ಜಾಗದಲ್ಲಿ ಇಂದು ನಾವಿದ್ದೇವೆ.

ಹಂಪಿಯ ಹಾದಿಗಳಲ್ಲಿ ಇಂದಿಗೂ ಕಲ್ಲಿನ ಮಂಟಪಗಳು ಸಾಲಾಗಿ ನಿಂತಿವೆ. ದಣಿದು ಬಂದವರಿಗೆ ನೆರಳು ಸಿಗಲೆಂದು ಯಾರೋ ಪುಣ್ಯವಂತರು ಅವುಗಳನ್ನು ಕಟ್ಟಿಸಿದರು. ಕಾಯಿದೆ ತನ್ನ ಕೆಲಸ ಮಾಡಲಿ, ವೈದ್ಯರು ತಮ್ಮ ಕೆಲಸ ಮಾಡಲಿ. ‘ಎಲ್ಲಿಗೆ ಕರಕೊಂಡು ಹೋಗಲಿ’ ಎಂದು ಮುಂದಿನ ಸಲ ಒಬ್ಬ ತಾಯಿ ನಮ್ಮ ಬಾಗಿಲಿಗೆ ಬಂದಾಗ, ವಿಳಾಸವನ್ನು ಹೇಳುವುದರ ಜೊತೆಗೆ ‘ಬಾರಮ್ಮ, ನಾವೂ ಬರುತ್ತೇವೆ’ ಎಂದು ಹೇಳುವವರು ಪ್ರತಿ ಧರ್ಮಕೇಂದ್ರದಲ್ಲಿ ಇಬ್ಬರಾದರೂ ಇರಲಿ. ದೇವರು ಅವರನ್ನು ನಮ್ಮ ನಡುವೆ ಎಬ್ಬಿಸಲಿ.